ಅರಗಿನ ಮುದ್ರೆ, ಮಲೆನಾಡಿನ ಮಳೆ

ಮಂಗಳೂರು ಕಡೆಯಿಂದ ಹೊರಟ ಬಸ್ಸು ಗುಂಡ್ಯ ದಾಟಿ ಶಿರಾಡಿ ಹತ್ತಿ, ಮಾರನಹಳ್ಳಿ, ದೋಣಿಗಲ್ ಕಳೆದು, ಸಕಲೇಶಪುರದಲ್ಲಿ ಒಂದು ಗಳಿಗೆ ನಿಂತು, ಆಲೂರಿನ ಮಗ್ಗುಲಲ್ಲೇ ಹಾದು ಹಾಸನ ಸೇರುತ್ತದೆ. 2009ರ ಜೂನ್‌ನಲ್ಲಿ ಹಾಸನದ ಬಸ್ ನಿಲ್ದಾಣದ ಶೌಚಾಲಯದಲ್ಲಿ ಯುವತಿಯೊಬ್ಬಳ ಶವ ಸಿಕ್ಕಿತು. ಯಾರೆಂದು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಇಂಥ ಸಾವಿಗೆ ಠಾಣೆಯಲ್ಲಿ ಒಂದು ಸಿದ್ಧ ಹೆಸರಿದೆ: ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಕಡತದ ಮೇಲೆ ಆ ಮೂರಕ್ಷರ ಬಿದ್ದರೆ ಮುಂದಿನದು ಹೆಚ್ಚಾಗಿ ಬರೀ ಕಾಗದದ ಕೆಲಸ.

ಅತ್ತ ಬಂಟ್ವಾಳ ತಾಲ್ಲೂಕಿನಲ್ಲಿ ಅದೇ ಯುವತಿಗಾಗಿ ಮನೆಯವರು, ಊರವರು ಹುಡುಕಾಡುತ್ತಿದ್ದರು. ಪೊಲೀಸರು ಆಕೆಯ ಮೊಬೈಲ್ ಕರೆಗಳ ಪಟ್ಟಿ ಹಿಡಿದು ಹೊರಟರೆ, ಒಂದು ನಂಬರು ಕಾಣೆಯಾದ ಇನ್ನೊಬ್ಬಳ ಕಡೆಗೆ, ಅಲ್ಲಿಂದ ಮತ್ತೊಬ್ಬಳ ಕಡೆಗೆ ಕೈ ತೋರಿಸುತ್ತ ಹೋಯಿತು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ಮೋಹನ್ ಕುಮಾರ್. ಆಮೇಲೆ ನಾಡಿಗೆಲ್ಲ ‘ಸಯನೈಡ್ ಮೋಹನ’ ಎಂದೇ ಪರಿಚಿತನಾದ. ಮದುವೆಯಾಗುತ್ತೇನೆಂದು ನಂಬಿಸಿ ಕರೆತಂದು ಲಾಡ್ಜಿನಲ್ಲಿ ಉಳಿಸಿಕೊಳ್ಳುವುದು, ಬೆಳಿಗ್ಗೆ ಒಡವೆಯನ್ನೆಲ್ಲ ಕೋಣೆಯಲ್ಲೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುವುದು, ಗರ್ಭನಿರೋಧಕವೆಂದು ಹೇಳಿ ಮಾತ್ರೆ ಕೊಟ್ಟು ಶೌಚಾಲಯಕ್ಕೆ ಕಳಿಸುವುದು. ಇದು ಅವನ ಕ್ರಮ. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳು ಹೀಗೆ ಸತ್ತರು. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ ಎಂದು ಬೇರೆ ಬೇರೆ ಠಾಣೆಗಳ ಕಪಾಟಿನಲ್ಲಿ ಬೇರೆ ಬೇರೆ ಕಡತಗಳು ಕೂತಿದ್ದವು. ಒಂದರ ಪಕ್ಕ ಒಂದನ್ನಿಟ್ಟು ನೋಡಿದವರು ಆರು ವರ್ಷ ಯಾರೂ ಇರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ತ್ವರಿತ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಸಿನಿಮಾದವರಿಗೆ ಈ ಕತೆಯಲ್ಲಿ ಬೇಕಾದ್ದು ಮೋಹನ. ನನಗೆ ಕುತೂಹಲ ಇರುವುದು ಆ ಯುಡಿಆರ್ ಕಡತಗಳ ಮೇಲೆ. ಹೆಸರಿಲ್ಲದ ಹೆಣಕ್ಕೆ ವರ್ಷಗಳ ನಂತರ ಹೆಸರು ಸಿಗಬೇಕಾದರೆ ಅವತ್ತು ಯಾರೋ ಒಬ್ಬ ಪೇದೆ ತೆಗೆಸಿಟ್ಟ ಫೋಟೊ ಬೇಕು, ಉಟ್ಟ ಬಟ್ಟೆ ಬೇಕು. ವಿಷವೆಂದು ಸಾಬೀತಾಗಬೇಕಾದರೆ ವೈದ್ಯರು ತೆಗೆದಿಟ್ಟ ವಿಸೆರಾ ಬೇಕು. ಜಠರ ಮತ್ತು ಅದರೊಳಗಿನ ಅಂಶ, ಸಣ್ಣ ಕರುಳಿನ ತುಂಡು, ಪಿತ್ತಜನಕಾಂಗ, ಮೂತ್ರಪಿಂಡಗಳ ಭಾಗ ಇವೆಲ್ಲ ಅಗಲಬಾಯಿಯ ಬಾಟಲಿಗಳಲ್ಲಿ, ಸಾಮಾನ್ಯವಾಗಿ ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಮುಳುಗಿರುತ್ತವೆ. ರಕ್ತಕ್ಕೆ ಬೇರೆ ಸೀಸೆ. ಪ್ರತಿ ಬಾಟಲಿಗೂ ಚೀಟಿ, ಬಾಯಿಗೆ ಬಟ್ಟೆ, ದಾರ, ಅರಗು, ಅರಗಿನ ಮೇಲೆ ಮುದ್ರೆ. ಅದೇ ಮುದ್ರೆಯ ಮಾದರಿಯೊಂದು ಕಾಗದದಲ್ಲಿ ಬೇರೆಯಾಗಿ ಹೋಗುತ್ತದೆ. ಪ್ರಯೋಗಾಲಯದವರು ಮೊದಲು ಎರಡನ್ನೂ ತಾಳೆ ನೋಡಿ, ಮುದ್ರೆ ಒಡೆದಿಲ್ಲವೆಂದು ಬರೆದುಕೊಂಡೇ ಬಾಟಲಿ ಬಿಚ್ಚುವುದು. ಬಳಸಿದ ಉಪ್ಪುನೀರನ್ನೂ ಒಂದಿಷ್ಟು ಕಳಿಸಬೇಕು. ಇಲ್ಲದಿದ್ದರೆ ವಿಷ ನೀರಿನಲ್ಲೇ ಇತ್ತಲ್ಲ ಎಂದು ವಕೀಲರು ಕೇಳುತ್ತಾರೆ. ಸಯನೈಡ್ ಬೇಗ ಆವಿಯಾಗಿ ಹೋಗುವಂಥದ್ದು. ಬಾಟಲಿಯ ಬಾಯಿ ಸಡಿಲವಾಗಿದ್ದರೆ, ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೊಳೆತರೆ, ಕೊಲೆಯ ಗುರುತೇ ಆರಿಹೋಗಬಹುದು.

ಮಲೆನಾಡಿನಲ್ಲಿ ಇದಕ್ಕೆಲ್ಲ ಇನ್ನೊಬ್ಬ ವೈರಿ ಇದ್ದಾನೆ. ಮಳೆ. ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಹೆತ್ತೂರು, ಬಿಸಿಲೆ ಕಡೆ ಮನೆಯ ಬಟ್ಟೆಯೇ ಒಣಗುವುದಿಲ್ಲ, ಬಚ್ಚಲೊಲೆಯ ಮೇಲೆ ಹರವಿಕೊಳ್ಳಬೇಕು. ಹಾಗಿರುವಾಗ ತೋಟದ ನಡುವೆ ಸಿಕ್ಕ ಶವದ ರಕ್ತಸಿಕ್ತ ಅಂಗಿಯನ್ನು ಠಾಣೆಯವರು ಏನು ಮಾಡಬೇಕು? ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಕವರಿಗೆ ತುರುಕಿ ಗಂಟು ಹಾಕಿದರೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಕೊಳೆತುಹೋಗುತ್ತದೆ. ಒಲೆಯ ಮೇಲೆ ಹಾಕಿದರೆ ಶಾಖಕ್ಕೆ ಕೆಡುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ, ಕೆಳಗೆ ಬಿಳಿ ಕಾಗದ ಹಾಸಿ ತೂಗುಹಾಕಬೇಕು. ಉದುರಿದ ಕೂದಲೋ ಮಣ್ಣಿನ ಕಣವೋ ಆ ಕಾಗದದ ಮೇಲೆ ಸಿಗುತ್ತದೆ. ಪೂರ್ತಿ ಒಣಗಿದ ಮೇಲೆ ಕಾಗದದ ಕವರಿಗೇ ಹಾಕಿ ಅರಗು ಒತ್ತಬೇಕು. ಎರಡು ಕೋಣೆಯ ಠಾಣೆಯಲ್ಲಿ, ಹೆಂಚಿನ ಸಂದಿಯಿಂದ ನೀರು ತೊಟ್ಟಿಕ್ಕುವ ದಿನಗಳಲ್ಲಿ ಇದನ್ನು ಮಾಡುವ ಪೇದೆಗೆ ಯಾರೂ ಪದಕ ಕೊಡುವುದಿಲ್ಲ. ಕೊಡಬೇಕು ಅನ್ನಿಸುತ್ತದೆ.

ಕೋವಿಯ ವಿಷಯಕ್ಕೆ ಬಂದರೆ ನಮ್ಮ ತೋಟಗಳದು ಬೇರೆಯೇ ಲೆಕ್ಕ. ಲೈಸೆನ್ಸಿನ ತೋಟಾ ಕೋವಿ ಇರುವ ಮನೆಗಳು ಇಲ್ಲಿ ಸಾಕಷ್ಟು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರುವ ಸಾಲು ನೋಡಿದವರಿಗೆ ಗೊತ್ತು. ಹಂದಿ ಶಿಕಾರಿಗೆ ಹೋಗಿ ಜೊತೆಗಾರನಿಗೇ ಈಡು ತಗುಲಿತು ಎಂಬ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ. ಪೊದೆ ಅಲುಗಿತು, ಹಂದಿ ಅಂದುಕೊಂಡೆ, ಮೂವತ್ತು ಗಜ ದೂರವಿತ್ತು ಎನ್ನುತ್ತಾನೆ ಈಡು ಹೊಡೆದವನು. ನೋಡಿದವರು ಇಲ್ಲ. ಇಲ್ಲಿ ಮಾತಾಡಬೇಕಾದ್ದು ಚರೆ. ನಳಿಗೆಯ ಬಾಯಿ ಮೈಗೆ ಹತ್ತಿರವಿದ್ದರೆ ಚರೆಗಳು ಚದುರಲು ಎಡೆಯೇ ಸಿಗದೆ ಒಂದೇ ದೊಡ್ಡ ತೂತು ಬೀಳುತ್ತದೆ, ಸುತ್ತ ಮದ್ದಿನ ಮಸಿ, ಸುಟ್ಟ ಚರ್ಮ. ದೂರ ಹೆಚ್ಚಿದಷ್ಟೂ ಚರೆ ಅಗಲಕ್ಕೆ ಹರಡುತ್ತದೆ. ಪ್ರಯೋಗಾಲಯದಲ್ಲಿ ಅದೇ ಕೋವಿಗೆ ಅದೇ ಬಗೆಯ ತೋಟಾ ಹಾಕಿ ಬೇರೆ ಬೇರೆ ದೂರದಿಂದ ಹೊಡೆದು, ಹಾಳೆಯ ಮೇಲಿನ ಹರವನ್ನು ಗಾಯದ ಹರವಿನೊಂದಿಗೆ ಅಳೆದು ನೋಡುತ್ತಾರೆ. ಮೂವತ್ತು ಗಜ ಮೂರು ಗಜವಾಗುವುದು ಅಲ್ಲಿ.

ಆದರೆ ಇಂಥ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ಲು, ಪಿಸ್ತೂಲುಗಳ ನಳಿಗೆಯಲ್ಲಿ ಸುರುಳಿ ಗೀರುಗಳಿರುತ್ತವೆ, ಗುಂಡಿನ ಮೇಲೆ ತಮ್ಮ ಗುರುತು ಕೊರೆದು ಕಳಿಸುತ್ತವೆ. ಚರೆಯ ಮೇಲೆ ಅಂಥದ್ದೇನೂ ಉಳಿಯದು. ಯಾವ ಕೋವಿ ಎಂದು ಹೇಳಬೇಕಾದರೆ ಖಾಲಿ ತೋಟಾ ಸಿಗಬೇಕು; ಅದರ ಬುಡದ ಕೇಪಿನ ಮೇಲೆ ಕೋವಿಯ ಮುಳ್ಳು ಬಡಿದ ತಗ್ಗು, ಸೂಕ್ಷ್ಮದರ್ಶಕದಡಿ ಆ ಕೋವಿಯದೇ ಸಹಿಯಂತೆ ಕಾಣುತ್ತದೆ. ಈಡಾದ ಮೇಲೆ ಖಾಲಿ ತೋಟಾವನ್ನು ಹೆಕ್ಕಿ ಜೇಬಿಗಿಳಿಸುವುದು ಶಿಕಾರಿಯವರ ಅಭ್ಯಾಸ. ಇನ್ನು ಮದ್ದು ಜಡಿಯುವ ಹಳೇ ಕೇಪಿನ ಕೋವಿಯಾದರೆ ತೋಟಾವೇ ಇಲ್ಲ.

ಪಿಸ್ತೂಲಿನ ಗುರುತು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡೇಟಿಗೆ ಬಲಿಯಾದರು. ಎರಡು ಊರು, ನಡುವೆ ಎರಡು ವರ್ಷ. ಎರಡೂ ಕಡೆ ಸಿಕ್ಕ ಗುಂಡು, ಖಾಲಿ ಕವಚಗಳನ್ನು ಹೋಲಿಸಿದ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ, ಹಾರಿಸಿದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಎಂದಿತು. ಪಿಸ್ತೂಲು ಕಣ್ಣೆದುರಿಗೆ ಇಲ್ಲದೆಯೇ ಹೇಳಿದ ಮಾತು ಅದು. ಎರಡು ತನಿಖೆಗಳು ಕೂಡಿಕೊಂಡದ್ದು ಅಲ್ಲಿಂದ.

ತೋಟದ ನಾಡಿನವರಿಗೆ ಇನ್ನೆರಡು ಸಂಗತಿ ರುಚಿಸಬಹುದು. ಬೆರಳಚ್ಚಿನ ಬಲದಿಂದ ಶಿಕ್ಷೆಯಾದ ಜಗತ್ತಿನ ಮೊದಮೊದಲ ಪ್ರಕರಣಗಳಲ್ಲಿ ಒಂದು ಲಂಡನ್ನಿನದಲ್ಲ, ಬಂಗಾಳದ ಜಲ್ಪಾಯ್‌ಗುರಿಯ ಚಹಾ ತೋಟದ್ದು. 1897ರಲ್ಲಿ ಅಲ್ಲಿನ ಮ್ಯಾನೇಜರನ ಕತ್ತು ಕೊಯ್ದು ಪೆಟ್ಟಿಗೆ ದೋಚಿದ್ದರು. ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದುಬಣ್ಣದ ಹೆಬ್ಬೆಟ್ಟಿನ ಗುರುತು. ಅದೇ ವರ್ಷ ಕಲ್ಕತ್ತಾದಲ್ಲಿ ಶುರುವಾಗಿದ್ದ ಬೆರಳಚ್ಚು ಕಚೇರಿಯಲ್ಲಿ ಹುಡುಕಿದರೆ, ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿದ್ದ ಹಳೆಯ ಆಳಿನ ಬಲಗೈ ಹೆಬ್ಬೆಟ್ಟಿಗೆ ತಾಳೆಯಾಯಿತು. ನ್ಯಾಯಾಲಯ ಮಾತ್ರ ಎಚ್ಚರದಿಂದ ನಡೆಯಿತು: ಕಳ್ಳತನಕ್ಕೆ ಶಿಕ್ಷೆ, ಕೊಲೆಯಿಂದ ಬಿಡುಗಡೆ. ಪಂಚಾಂಗ ಮುಟ್ಟಿದ್ದು ಸಾಬೀತಾಗಿದೆ, ಕತ್ತು ಕೊಯ್ದದ್ದು ಇವನೇ ಎಂಬುದು ಅದರಿಂದಲೇ ಸಾಬೀತಾಗದು ಎಂಬ ಆ ಸೂಕ್ಷ್ಮ ಇವತ್ತಿನ ಟೀವಿ ಚರ್ಚೆಗಳಲ್ಲಿ ಕಾಣಸಿಗುವುದಿಲ್ಲ. ಇನ್ನೊಂದು, ನಮ್ಮ ಇಂಬಳದ ನೆಂಟನದು. 2001ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ವೃದ್ಧೆಯೊಬ್ಬರ ಮನೆಗೆ ನುಗ್ಗಿ ದರೋಡೆ ಮಾಡಿದ್ದರು. ತಿಜೋರಿಯ ಹತ್ತಿರ ರಕ್ತ ಕುಡಿದು ಉಬ್ಬಿದ ಇಂಬಳವೊಂದು ಬಿದ್ದಿತ್ತು. ಆ ರಕ್ತದ ಡಿಎನ್‌ಎ ತೆಗೆದಿಟ್ಟರು. ಏಳು ವರ್ಷದ ಮೇಲೆ ಬೇರೆ ಕೇಸಿನಲ್ಲಿ ಸಿಕ್ಕವನಿಗೆ ಅದು ಹೊಂದಿತು, ಆಮೇಲೆ ಅವನು ತಪ್ಪೊಪ್ಪಿಕೊಂಡ. ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ಮರೆಯುವ ನಮಗೆ ಇದು ನಂಬಲು ಕಷ್ಟ.

ಸಾಕ್ಷ್ಯವನ್ನು ಸಕಾಲಕ್ಕೆ ಓದದಿದ್ದರೆ ಏನಾಗುತ್ತದೆಂದು ತಿಳಿಯಲು ಸಕಲೇಶಪುರದವರು ಆಚೆ ಹೋಗಬೇಕಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆ ಬಳಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತ ಆನೆ. ಕಾಡಾನೆಯ ದಾಳಿಯಿಂದ ಸಾವು ಎಂಬುದು ಅಧಿಕೃತ ಮಾತು. ಕಾಲಿಗೆ ಗುಂಡು ತಗುಲಿತ್ತು ಎಂಬುದು ಹಬ್ಬಿದ ಮಾತು. ಮರಣೋತ್ತರ ಪರೀಕ್ಷೆ ಯಾಕೆ ಮಾಡಲಿಲ್ಲ ಎಂಬ ಆಕ್ಷೇಪವೂ ಎದ್ದಿತು. ಜನ ಅತ್ತರು, ಪೂಜೆಯಾಯಿತು, ಅಲ್ಲೇ ಸಮಾಧಿಯೂ ಆಯಿತು. ಗುಂಡು ಇತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಗೌರವದಿಂದಲೂ ಉತ್ತರ ಸಿಗದು, ಕೋಪದಿಂದಲೂ ಸಿಗದು. ಕಾಲನ್ನು ಬಿಚ್ಚಿ ನೋಡಿ ಬರೆದಿಟ್ಟ ಒಂದು ಪುಟ ಎಲ್ಲರೆದುರು ಇದ್ದಿದ್ದರೆ ಅನುಮಾನಪಟ್ಟವರಿಗೂ ಆರೋಪ ಹೊತ್ತವರಿಗೂ ಒಳ್ಳೆಯದಾಗುತ್ತಿತ್ತು.

ಸಿಕ್ಕಿದ್ದನ್ನು ಸರಿಯಾಗಿ ಇಡದಿದ್ದರೂ ಅಷ್ಟೇ. ದೆಹಲಿಯ ಛಾವ್ಲಾದಲ್ಲಿ 2012ರಲ್ಲಿ ಯುವತಿಯನ್ನು ಅಪಹರಿಸಿ ಕೊಂದ ಪ್ರಕರಣದಲ್ಲಿ ಕೆಳಗಿನ ಎರಡು ನ್ಯಾಯಾಲಯಗಳು ಮೂವರಿಗೆ ಗಲ್ಲು ವಿಧಿಸಿದ್ದವು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಮೂವರನ್ನೂ ಬಿಟ್ಟಿತು. ಡಿಎನ್‌ಎ ವರದಿ ಇರಲಿಲ್ಲವೇ? ಇತ್ತು. ಆದರೆ ಫೆಬ್ರುವರಿ 14 ಮತ್ತು 16ರಂದು ತೆಗೆದ ಮಾದರಿಗಳು 27ರವರೆಗೆ ಠಾಣೆಯ ಉಗ್ರಾಣದಲ್ಲೇ ಇದ್ದವು, ನಡುವೆ ಯಾರೂ ಕೈಯಾಡಿಸಿಲ್ಲ ಎನ್ನಲು ಆಧಾರವಿರಲಿಲ್ಲ. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಕೈಯಿಂದ ಕೈಗೆ ಹೋದ ಪ್ರತಿ ಹೆಜ್ಜೆಗೂ ರಿಜಿಸ್ಟರ್ ಇರಬೇಕು ಎಂದು ಅದೇ ನ್ಯಾಯಾಲಯ 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಆದೇಶಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬರಬೇಕು ಎನ್ನುತ್ತದೆ. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಕರ್ನಾಟಕದಲ್ಲಿ ಇದಕ್ಕೆಂದೇ ‘ಸೋಕೋ’, ಅಂದರೆ ಅಪರಾಧ ಸ್ಥಳ ಪರಿಶೀಲಿಸುವ ಅಧಿಕಾರಿಗಳ ನೇಮಕವಾಗಿದೆ. ಆದರೆ ಬಿಸಿಲೆಯ ಒಳಗಿನ ತೋಟಕ್ಕೆ ರಾತ್ರಿ ಮಳೆಯಲ್ಲಿ ಜೀಪು ತಲುಪುವುದರೊಳಗೆ ಹೆಜ್ಜೆಗುರುತು ಹಳ್ಳ ಸೇರಿರುತ್ತದೆ.

ಒಂದು ಕಾಲಕ್ಕೆ ನಮ್ಮ ಬೆಂಗಳೂರು ಪ್ರಯೋಗಾಲಯಕ್ಕೆ ದೇಶದಲ್ಲಿ ಹೆಸರು ಬಂದದ್ದು ಮಂಪರು ಪರೀಕ್ಷೆಯಿಂದ. ಚುಚ್ಚುಮದ್ದು ಕೊಟ್ಟು ಬಾಯಿ ಬಿಡಿಸುವುದನ್ನು ಟೀವಿಗಳು ಹಬ್ಬದಂತೆ ತೋರಿಸಿದವು. ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ಒಪ್ಪಿಗೆಯಿಲ್ಲದೆ ಅದನ್ನು ಮಾಡಕೂಡದು ಎಂದಿತು. ಒಳ್ಳೆಯದೇ ಆಯಿತು. ಬಾಯಿ ಬಿಡಿಸುವ ಚಪಲಕ್ಕಿಂತ ಬಾಟಲಿಗೆ ಸರಿಯಾಗಿ ಅರಗು ಒತ್ತುವುದು ಮೇಲು.

ಓದುಗರಿಗೆ ಒಂದು ಮಾತು. ತೋಟದಲ್ಲೋ ಹೇಮಾವತಿಯ ದಡದಲ್ಲೋ ಯಾರಾದರೂ ಬಿದ್ದಿರುವುದು ಕಂಡು, ಜೀವ ಇರುವ ಸಂಶಯವಿದ್ದರೆ ಮೊದಲು ಜೀವ ಉಳಿಸಿ. ಇಲ್ಲವಾದರೆ 112ಕ್ಕೆ ಕರೆ ಮಾಡಿ ದೂರ ನಿಲ್ಲಿ, ಬಂದವರನ್ನೂ ದೂರ ನಿಲ್ಲಿಸಿ. ಮುಖ ಮುಚ್ಚಲೆಂದು ನಿಮ್ಮ ಟವೆಲ್ ಹೊದಿಸಬೇಡಿ, ಕೋವಿಯನ್ನು ಎತ್ತಿಡಬೇಡಿ, ಅಂಗಳ ತೊಳೆಸಬೇಡಿ. ಮಹಜರಿಗೆ ಪಂಚರಾಗಿ ಕರೆದರೆ ಕೆಲಸವಿದೆಯೆಂದು ಜಾರಿಕೊಳ್ಳದೆ ಹೋಗಿ. ಬರೆದದ್ದನ್ನು ಪೂರ್ತಿ ಓದಿ, ನಿಮ್ಮ ಕಣ್ಣೆದುರೇ ಅರಗು ಒತ್ತಿದ ಮೇಲಷ್ಟೇ ಸಹಿ ಹಾಕಿ.