ಹಡಗಿನ ನೌಕರಿ: ಐದು ವರ್ಷಕ್ಕೊಮ್ಮೆ ಹೊಸ ಲೆಕ್ಕ

1999ರ ಫೆಬ್ರುವರಿ 1ರಂದು ವಾಣಿಜ್ಯ ಹಡಗುಗಳಲ್ಲಿ ಒಂದು ಹುದ್ದೆಯ ಅಗತ್ಯವೇ ಮುಗಿಯಿತು. ಜಿಎಂಡಿಎಸ್‌ಎಸ್ ಎಂಬ ಸಂಪರ್ಕ ವ್ಯವಸ್ಥೆ ಅಂದು ಪೂರ್ಣವಾಗಿ ಜಾರಿಯಾಗಿ, ಮೋರ್ಸ್ ಸಂಕೇತ ಕುಟ್ಟುತ್ತಿದ್ದ ರೇಡಿಯೊ ಆಫೀಸರ್‌ನ ಕೆಲಸ ಡೆಕ್ ಅಧಿಕಾರಿಗಳ ಪಾಲಾಯಿತು. ಇದು ರಾತ್ರೋರಾತ್ರಿ ಆದದ್ದಲ್ಲ. 1992ರಿಂದಲೇ ಹಂತಹಂತವಾಗಿ ಜಾರಿಯಾಗುತ್ತ ಬಂದ ವ್ಯವಸ್ಥೆ ಏಳು ವರ್ಷ ಎಚ್ಚರಿಕೆ ಕೊಟ್ಟಿತ್ತು. 2012ರ ಜನವರಿ 1ರಂದು ನಾವಿಕರ ತರಬೇತಿ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಮನಿಲಾ ತಿದ್ದುಪಡಿಗಳು ಜಾರಿಗೆ ಬಂದಾಗ, ಹಡಗಿನ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ಎಲೆಕ್ಟ್ರೊ-ಟೆಕ್ನಿಕಲ್ ಆಫೀಸರ್‌ಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಒಂದು ಹುದ್ದೆ ಹೋಯಿತು, ಇನ್ನೊಂದು ಬಂತು. ನಡುವಿನ ಅಂತರ 13 ವರ್ಷವೂ ಇಲ್ಲ.

ನಿಂತಲ್ಲೇ ನಿಂತರೆ 25 ಡಾಲರ್

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೇದಿಕೆಯಲ್ಲಿ ಆದ ಒಪ್ಪಂದದಂತೆ ಏಬಲ್ ಸೀಮನ್ ದರ್ಜೆಯ ನಾವಿಕನ ಕನಿಷ್ಠ ಮೂಲವೇತನ 2026ರ ಜನವರಿಯಿಂದ ತಿಂಗಳಿಗೆ 690 ಡಾಲರ್. 2027ಕ್ಕೆ 704, 2028ಕ್ಕೆ 715. ಡಾಲರಿಗೆ ₹85 ಎಂದು ಹಿಡಿದರೆ ಆರಂಭದ ವೇತನ ₹58,650. ಎರಡು ವರ್ಷದ ಏರಿಕೆ ₹2,125, ಅಂದರೆ ಶೇ 3.6. ಓವರ್‌ಟೈಮ್ ಇದಕ್ಕೆ ಸೇರಿಲ್ಲ, ಇದಕ್ಕಿಂತ ಹೆಚ್ಚು ಕೊಡುವ ಕಂಪನಿಗಳೂ ಇವೆ. ಆದರೂ ಅದೇ ಮೆಟ್ಟಿಲಲ್ಲಿ ಕುಳಿತವನಿಗೆ ಸಿಗುವುದು ಈ ಅಳತೆಯ ಏರಿಕೆಯೇ. ದೊಡ್ಡ ಜಿಗಿತ ಇರುವುದು ಬಡ್ತಿಯಲ್ಲಿ.

ಬಡ್ತಿಯ ಬೆಲೆ ತಿಂಗಳುಗಳಲ್ಲಿ

ಹಡಗಿನಲ್ಲಿ ಬಡ್ತಿಗೆ ಬೇಕಾದ ಮೊದಲ ಬಂಡವಾಳ ಸಮುದ್ರದಲ್ಲಿ ಕಳೆದ ತಿಂಗಳುಗಳು, ಅಂದರೆ ಸೀ ಟೈಮ್. ಪಿಯುಸಿ ಮುಗಿಸಿ ನೌಕಾಯಾನ ಕಲಿಸುವ ಒಂದು ವರ್ಷದ ಡಿಎನ್‌ಎಸ್ ಡಿಪ್ಲೊಮಾ ಸೇರಿದವರು ಸೆಕೆಂಡ್ ಮೇಟ್ ಪರೀಕ್ಷೆಗೆ ಮುನ್ನ ಕೆಡೆಟ್ ಆಗಿ 18 ತಿಂಗಳು ದುಡಿಯಬೇಕು. ಬಳಿಕ ಚೀಫ್ ಮೇಟ್ ಪ್ರಮಾಣಪತ್ರಕ್ಕೆ ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ 12 ತಿಂಗಳು. ಮಾಸ್ಟರ್, ಅಂದರೆ ಕ್ಯಾಪ್ಟನ್ ಆಗಲು ಅಧಿಕಾರಿಯಾಗಿ 36 ತಿಂಗಳು. ಅದರಲ್ಲಿ 12 ತಿಂಗಳು ಚೀಫ್ ಮೇಟ್ ಆಗಿದ್ದರೆ 24 ಸಾಕು.

ತೀರಾ ಕಡಿಮೆ ಎಂದರೂ 18ಕ್ಕೆ 24 ಸೇರಿ 42 ತಿಂಗಳಾಯಿತು. ಆರು ತಿಂಗಳು ಹಡಗು, ಮೂರು ತಿಂಗಳು ಮನೆ ಎಂದುಕೊಂಡರೆ ಏಳು ಸುತ್ತು, 63 ತಿಂಗಳು. ಡಿಪ್ಲೊಮಾದ ವರ್ಷ ಸೇರಿ ಆರೂಕಾಲು ವರ್ಷ. ಇದು ಕಾಗದದ ಮೇಲಿನ ಕನಿಷ್ಠ. ಪರೀಕ್ಷೆ, ಕೋರ್ಸು, ಹಡಗಿಗಾಗಿ ಕಾಯುವ ದಿನ ಕೂಡಿದಂತೆ ಅವಧಿ ಬೆಳೆಯುತ್ತದೆ.

ಗಳಿಸಿದ್ದೂ ಶಾಶ್ವತವಲ್ಲ. ಪ್ರಮಾಣಪತ್ರದ ಆಯುಸ್ಸು ಐದು ವರ್ಷ. ನವೀಕರಣಕ್ಕೆ ಆ 60 ತಿಂಗಳಲ್ಲಿ 12, ಅಥವಾ ಕೊನೆಯ ಆರು ತಿಂಗಳಲ್ಲಿ ಮೂರು ತಿಂಗಳ ಸಮುದ್ರ ಸೇವೆ ತೋರಿಸಬೇಕು. ಇಲ್ಲವಾದರೆ ಮಾನ್ಯ ಪರೀಕ್ಷೆ, ತರಬೇತಿಯಂಥ ದಾರಿ ಹಿಡಿಯಬೇಕು. ಮನೆ ಕಟ್ಟಲೆಂದೋ ವ್ಯಾಪಾರಕ್ಕೆಂದೋ ನಾಲ್ಕು ವರ್ಷ ಊರಲ್ಲೇ ಉಳಿದವರಿಗೆ ಈ ಲೆಕ್ಕ ಬಿಸಿ ಮುಟ್ಟಿಸುತ್ತದೆ.

ಇಂಧನ ಬದಲಾದರೆ ಎಂಜಿನ್ ರೂಮೂ ಬದಲು

2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.50ರಿಂದ 0.50ಕ್ಕೆ ಇಳಿಯಿತು. 2023ರಲ್ಲಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ ಐಎಂಒ ಹಾಕಿಕೊಂಡ ಗುರಿ ಇನ್ನೂ ದೊಡ್ಡದು: 2008ಕ್ಕೆ ಹೋಲಿಸಿ ಹಸಿರುಮನೆ ಅನಿಲ 2030ಕ್ಕೆ ಕನಿಷ್ಠ ಶೇ 20, 2040ಕ್ಕೆ ಶೇ 70 ತಗ್ಗಬೇಕು, 2050ರ ಹೊತ್ತಿಗೆ ನಿವ್ವಳ ಶೂನ್ಯ. 2026ರಲ್ಲಿ 18ರ ವಯಸ್ಸಿಗೆ ಸೇರುವ ಕೆಡೆಟ್‌ಗೆ ಆಗ ಕ್ರಮವಾಗಿ 22, 32, 42 ವರ್ಷ. ಅವರ ಇಡೀ ವೃತ್ತಿಜೀವನ ಈ ಬದಲಾವಣೆಯ ಒಳಗೇ ಸಾಗಲಿದೆ.

ಈ ಗುರಿಗೆಂದು ಬರುತ್ತಿರುವ ಇಂಧನಗಳ ಸ್ವಭಾವವೇ ಬೇರೆ. ಸಾಮಾನ್ಯ ಹಡಗು ಇಂಧನದ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಉಷ್ಣತೆ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಮೆಥನಾಲ್‌ಗೆ ಸುಮಾರು 12 ಡಿಗ್ರಿಯೇ ಸಾಕು. ದ್ರವೀಕೃತ ನೈಸರ್ಗಿಕ ಅನಿಲ ಎಲ್‌ಎನ್‌ಜಿಯನ್ನು ಸುಮಾರು ಮೈನಸ್ 162 ಡಿಗ್ರಿಯಲ್ಲಿ ಕಾಪಾಡಬೇಕು. ಅಮೋನಿಯಾ ವಿಷಕಾರಿ. ಹೀಗಾಗಿ ಇಂಥ ಇಂಧನದ ಹಡಗುಗಳಲ್ಲಿ ದುಡಿಯಲು ಪ್ರತ್ಯೇಕ ತರಬೇತಿ ಕಡ್ಡಾಯ. ಅದರ ಮುಂದುವರಿದ ಹಂತಕ್ಕೆ ಕನಿಷ್ಠ ಒಂದು ತಿಂಗಳ ಸಮುದ್ರ ಸೇವೆ ಮತ್ತು ಮೂರು ಬಾರಿ ಇಂಧನ ತುಂಬಿಸಿದ ಅನುಭವ ಬೇಕು. ಮೂರರಲ್ಲಿ ಎರಡನ್ನು ಸಿಮ್ಯುಲೇಟರ್‌ನಲ್ಲಿ ಪೂರೈಸಬಹುದು. 2030ರ ದಶಕದ ಮಧ್ಯದ ಹೊತ್ತಿಗೆ 8 ಲಕ್ಷ ನಾವಿಕರಿಗೆ ಹೆಚ್ಚುವರಿ ತರಬೇತಿ ಬೇಕಾಗಬಹುದು ಎಂದು ಹಡಗು ವರ್ಗೀಕರಣ ಸಂಸ್ಥೆ ಡಿಎನ್‌ವಿಯ 2022ರ ಅಧ್ಯಯನ ಅಂದಾಜಿಸಿತ್ತು.

ಜಾಗ ಇದೆ, ಎಚ್ಚರವೂ ಇರಲಿ

ಹಡಗು ಉದ್ಯಮದ ಬಿಮ್ಕೊ ಮತ್ತು ಐಸಿಎಸ್ ಸಂಸ್ಥೆಗಳ 2021ರ ವರದಿಯಂತೆ ಜಗತ್ತಿನಲ್ಲಿ ಸುಮಾರು 18.9 ಲಕ್ಷ ನಾವಿಕರಿದ್ದರು. ಅವರಲ್ಲಿ ಅಧಿಕಾರಿಗಳು 8,57,540. ಆಗಲೇ 26,240 ಅಧಿಕಾರಿಗಳ ಕೊರತೆಯಿತ್ತು. 2026ರೊಳಗೆ ಇನ್ನೂ 89,510 ಮಂದಿ ಬೇಕೆಂದು ವರದಿ ಹೇಳಿತ್ತು. ನಾವಿಕರನ್ನು ಒದಗಿಸುವ ಮೊದಲ ಐದು ದೇಶಗಳಲ್ಲಿ ಭಾರತವೂ ಒಂದು.

ಬೇಡಿಕೆ ಇರುವಲ್ಲಿ ದಲ್ಲಾಳಿಗಳೂ ಇರುತ್ತಾರೆ. ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವುದನ್ನು ಕಡಲ ಕಾರ್ಮಿಕ ಒಡಂಬಡಿಕೆ ನಿಷೇಧಿಸಿದೆ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಎಂಬ ನಾವಿಕರ ಪುಸ್ತಕ ಮತ್ತು ಪಾಸ್‌ಪೋರ್ಟಿನಂಥ ದಾಖಲೆಗಳ ಖರ್ಚು ಮಾತ್ರ ನಾವಿಕನದು. ವೀಸಾ ಖರ್ಚು ಹಡಗಿನ ಮಾಲೀಕನದು. ಮಂಗಳೂರಿನಿಂದ ಕಾರವಾರದವರೆಗೆ ಮಗನನ್ನೋ ಮಗಳನ್ನೋ ಮರ್ಚೆಂಟ್ ನೇವಿಗೆ ಕಳಿಸಲು ಹೊರಟವರು ಏಜೆನ್ಸಿಗೆ ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಮೊದಲು ನೋಡಿ. ದಲ್ಲಾಳಿಗೆ ಕೊಡದೆ ಉಳಿಸಿದ ಹಣವನ್ನು ಮುಂದಿನ ಪ್ರಮಾಣಪತ್ರಕ್ಕೆ ತೆಗೆದಿಡಿ.