ರೈಲುಹಾದಿಯ ಗೇಟುಗಳೂ ನಗರದ ಬೀದಿಗಳೂ

ಹುಣಸಗಿಯ ಸೀಮೆಯಲ್ಲಿ ರೈಲುಹಾದಿಯಿಲ್ಲ. ಕೃಷ್ಣಾನದಿಯ ಎಡದಂಡೆಯ ಈ ಭಾಗದವರು ರೈಲನ್ನು ಹತ್ತಬೇಕಾದರೆ ಸುರಪುರ ಶಹಾಪುರಗಳನ್ನು ಹಾದು ಯಾದಗಿರಿಯನ್ನು ಸೇರುವುದು ವಾಡಿಕೆ. ಯಾದಗಿರಿಯ ಹಾದಿಯಾದರೋ ಬಹು ಹಳೆಯದು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲ್ವೆಯೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದುವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯಿಂದ ಗುಳೆ ಹೊರಟವರಲ್ಲಿ ಅನೇಕರು ಇದೇ ಹಾದಿಯಿಂದ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರುತ್ತಾರೆ. ತಮ್ಮೂರಿನಲ್ಲಿ ರೈಲ್ವೆ ಗೇಟನ್ನು ಕಾಣದವರು ಅದರ ಮುಂದೆ ನಿಂತು ಕಾಯುವುದನ್ನು ಕಲಿಯುವುದು ಆ ನಗರದಲ್ಲಿ. ಆದುದರಿಂದ ಗೇಟುಗಳನ್ನು ತೆಗೆದು ಸೇತುವೆಗಳನ್ನು ಕಟ್ಟುವ ವಿಷಯವು ರೈಲಿಲ್ಲದ ಸೀಮೆಯವರಿಗೂ ಸಂಬಂಧಪಟ್ಟದ್ದೇ ಆಗಿದೆ.

ರೈಲಿನ ಕಂಬಿಯೂ ಬೀದಿಯೂ ಒಂದೇ ಮಟ್ಟದಲ್ಲಿ ಅಡ್ಡಹಾಯುವ ಸ್ಥಳಕ್ಕೆ ಲೆವೆಲ್ ಕ್ರಾಸಿಂಗ್ ಎಂದು ಹೆಸರು. ಜನರು ಸ್ಥಳವನ್ನು ಬಿಟ್ಟು ಅಲ್ಲಿಯ ಬಾಗಿಲನ್ನೇ ಹಿಡಿದು ಅದನ್ನು ಗೇಟು ಎಂದು ಕರೆದರು. ಬೆಳಗಾವಿಯ ಟಿಳಕವಾಡಿಯಲ್ಲಿ ಮೊದಲನೆಯ ಗೇಟು, ಎರಡನೆಯ ಗೇಟು, ಮೂರನೆಯ ಗೇಟು ಎಂಬಿವು ಸ್ಥಳನಾಮಗಳಾಗಿಯೇ ನಿಂತಿವೆ. ಬಾಗಿಲು ಹೋದ ಮೇಲೂ ಹೆಸರು ಉಳಿಯುವುದು ಭಾಷೆಯಲ್ಲಿ ಹೊಸದೇನೂ ಅಲ್ಲ. ಕೋಟೆಯಿಲ್ಲದ ಊರುಗಳಲ್ಲಿಯೂ ಕೋಟೆಬಾಗಿಲುಗಳಿರುವುದನ್ನು ನೋಡುತ್ತೇವಷ್ಟೆ.

ಗೇಟುಗಳು ಹುಟ್ಟಿದ ಕಾಲದಲ್ಲಿ ಅವು ತೊಡಕೆನಿಸಿರಲಿಲ್ಲ. ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದುದು ೧೮೬೪ರಲ್ಲಿ. ಮೈಸೂರಿನ ಹಾದಿ ಮುಗಿದುದು ೧೮೮೨ರಲ್ಲಿ. ಆಗ ಕಂಬಿಯ ಇಕ್ಕೆಲಗಳಲ್ಲಿ ಹೊಲಗದ್ದೆಗಳೂ ಬಂಡಿಜಾಡುಗಳೂ ಇದ್ದುವು. ದಿನಕ್ಕೆ ಕೆಲವೇ ರೈಲುಗಳು ಹಾಯುತ್ತಿದ್ದಾಗ ಗೇಟು ಮುಚ್ಚಿದರೆ ಬಂಡಿಯವನು ಎತ್ತಿನ ಕೊರಳನ್ನು ಸವರುತ್ತ ನಿಲ್ಲುವುದರಿಂದ ಯಾರಿಗೂ ಹಾನಿಯಿರಲಿಲ್ಲ. ನಗರವು ಬೆಳೆದು ಕಂಬಿಯನ್ನು ಸುತ್ತುವರಿದುದು ಆಮೇಲಿನ ಮಾತು.

ಗೇಟಿನ ತೊಡಕು ಗಣಿತದಿಂದ ಸ್ಪಷ್ಟವಾಗುತ್ತದೆ. ವೇಗದಿಂದ ಬರುವ ರೈಲು ಬಹುದೂರ ಓಡಿದ ಹೊರತು ನಿಲ್ಲಲಾರದು. ಆದುದರಿಂದ ದಾರಿಯಲ್ಲಿ ಮೊದಲ ಹಕ್ಕು ರೈಲಿಗೆ. ಗೇಟನ್ನೂ ಕೈಮರವನ್ನೂ ಪರಸ್ಪರ ಬಂಧಿಸಿರುವಲ್ಲಿ, ಗೇಟು ಮುಚ್ಚಿ ಬೀಗ ಬಿದ್ದ ಹೊರತು ಕೈಮರವು ಅನುಮತಿಯನ್ನು ಕೊಡುವುದಿಲ್ಲ. ಹೀಗೆ ರೈಲು ಕಣ್ಣಿಗೆ ಬೀಳುವುದಕ್ಕೆ ಬಹು ಮುಂಚೆಯೇ ಬೀದಿ ನಿಲ್ಲಬೇಕಾಗುತ್ತದೆ. ಒಂದು ರೈಲಿಗೆ ಐದು ನಿಮಿಷ ಮುಚ್ಚಬೇಕಾಗುತ್ತದೆಂದು ಭಾವಿಸಿದರೆ, ಗಂಟೆಗೆ ಆರು ರೈಲುಗಳಿಗೆ ಅರ್ಧ ಗಂಟೆ ಹೋಗುತ್ತದೆ. ಹನ್ನೆರಡು ರೈಲುಗಳಾದರೆ ಬೀದಿಯು ತೆರೆಯುವುದೇ ಇಲ್ಲ. ಇದರಿಂದ ಒಂದು ವಿಚಿತ್ರ ಫಲವುಂಟಾಗುತ್ತದೆ: ನಗರದ ಜನರಿಗಾಗಿ ರೈಲುಗಳನ್ನು ಹೆಚ್ಚಿಸಿದಷ್ಟೂ ಅದೇ ಜನರ ಬೀದಿಗಳು ಮುಚ್ಚುತ್ತ ಹೋಗುತ್ತವೆ. ಜಪಾನಿನಲ್ಲಿ ದಟ್ಟಣೆಯ ವೇಳೆ ಗಂಟೆಗೆ ನಲವತ್ತು ನಿಮಿಷಗಳಿಗೆ ಕಡಮೆಯಿಲ್ಲದೆ ಮುಚ್ಚಿರುವ ಗೇಟುಗಳಿಗೆ 'ತೆರೆಯದ ಗೇಟು' ಎಂಬರ್ಥದ ಹೆಸರೇ ಬಂದಿದೆ.

ಯಾವ ಗೇಟನ್ನು ತೆಗೆಯಬೇಕೆಂಬುದನ್ನು ನಿರ್ಣಯಿಸಲು ಭಾರತೀಯ ರೈಲ್ವೆಯಲ್ಲಿ ಒಂದು ಮಾನವುಂಟು. ಒಂದು ಅಹೋರಾತ್ರಿಯಲ್ಲಿ ಹಾಯುವ ರೈಲುಗಳ ಸಂಖ್ಯೆಯನ್ನು ಬೀದಿಯ ವಾಹನಗಳ ಸಂಖ್ಯೆಯಿಂದ ಗುಣಿಸುವುದು. ಫಲವು ಒಂದು ಲಕ್ಷವನ್ನು ಮುಟ್ಟಿದರೆ ಸೇತುವೆಯ ಖರ್ಚನ್ನು ರೈಲ್ವೆಯೂ ರಾಜ್ಯಸರ್ಕಾರವೂ ಸಮನಾಗಿ ಹೊರುವುದು ಬಹುಕಾಲದಿಂದ ನಡೆದುಬಂದ ಕ್ರಮ. ಐವತ್ತು ರೈಲುಗಳೂ ಎರಡು ಸಾವಿರ ವಾಹನಗಳೂ ಇದ್ದರೆ ಈ ಮಾನವು ತುಂಬುತ್ತದೆ. ಮೋಟಾರು ವಾಹನಕ್ಕೂ ಎತ್ತಿನ ಬಂಡಿಗೂ ಒಂದೊಂದು ಅಂಕ, ಆಟೋರಿಕ್ಷಾಕ್ಕೆ ಅರ್ಧ. ಕಾಲ್ನಡೆಯವನಿಗೆ ಈ ಲೆಕ್ಕದಲ್ಲಿ ಅಂಕವಿಲ್ಲ. ಬುತ್ತಿಯ ಗಂಟನ್ನು ಹಿಡಿದು ಕೆಲಸಕ್ಕೆ ಹೋಗುವ ಕೂಲಿಯವರು ನೂರಾರು ಮಂದಿ ದಾಟಿದರೂ ಗುಣಾಕಾರವು ಅವರನ್ನು ಅರಿಯದು.

ಗೇಟಿಗೆ ಬದಲಾಗಿ ಮಾಡಬಹುದಾದುದು ಮೂರು ಬಗೆ: ಬೀದಿಯನ್ನು ಎತ್ತುವುದು, ಬೀದಿಯನ್ನು ಇಳಿಸುವುದು, ಇಲ್ಲವೆ ಕಂಬಿಯನ್ನೇ ಎತ್ತುವುದು. ವಿದ್ಯುತ್ ತಂತಿಯಿರುವ ಹಾದಿಯ ಮೇಲೆ ಬೀದಿಯನ್ನು ಸುಮಾರು ಎಂಟು ಮೀಟರು ಎತ್ತಬೇಕೆನ್ನೋಣ. ಮೂವತ್ತಕ್ಕೊಂದರ ಏರಿನಲ್ಲಿ ಇದಕ್ಕೆ ಒಂದೊಂದು ಕಡೆಗೂ ೨೪೦ ಮೀಟರುಗಳ ಇಳಿಜಾರು ಬೇಕು. ಅಷ್ಟು ದೂರದ ಅಂಗಡಿಮನೆಗಳು ಸೇತುವೆಯ ನೆರಳಿಗೆ ಬೀಳುತ್ತವೆ. ಎದುರು ಅಂಗಡಿಗೆ ಹೋಗುವವನು ಬಳಸಿ ನಡೆಯಬೇಕು. ಕೆಳಸೇತುವೆಗೆ ಇಳಿಜಾರು ಕಡಮೆ ಸಾಕಾದರೂ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ೨೦೨೩ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ತರುಣಿಯೊಬ್ಬಳು ಮೃತಳಾದಳು. ಅದು ರೈಲಿನ ಸೇತುವೆಯಲ್ಲವಾದರೂ ಎಚ್ಚರಿಕೆಯು ಎರಡಕ್ಕೂ ಒಂದೇ.

ಕಂಬಿಯನ್ನು ಎತ್ತುವುದು ಹೆಚ್ಚು ಖರ್ಚಿನ ಕೆಲಸ. ರೈಲು ಕಡಿದಾದ ಏರನ್ನು ಒಲ್ಲದು. ನೂರಕ್ಕೊಂದರ ಏರಿನಲ್ಲಿ ಎಂಟು ಮೀಟರು ಏರಲು ೮೦೦ ಮೀಟರು ಬೇಕು. ಆದರೆ ಒಮ್ಮೆ ಏರಿದ ಹಾದಿ ಮುಂದೆ ಹಲವು ಬೀದಿಗಳನ್ನು ಒಟ್ಟಿಗೆ ಬಿಡಿಸುತ್ತದೆ, ನೆಲವು ನಡೆಯುವವರಿಗೆ ಉಳಿಯುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ೨೦೧೫ರಿಂದ ಗೇಟುಗಳನ್ನು ತೆಗೆಯುವ ದೊಡ್ಡ ಕಾರ್ಯವು ನಡೆದಿದ್ದು, ಡ್ಯಾಂಡೆನಾಂಗ್ ಹಾದಿಯಲ್ಲಿ ಕಂಬಿಯನ್ನು ಎತ್ತಿದುದರಿಂದ ೨೦೧೮ರ ವೇಳೆಗೆ ಒಂಬತ್ತು ಗೇಟುಗಳು ಹೋದುವು.

ನಮ್ಮ ದೇಶದಲ್ಲಿ ಅನಿಲ್ ಕಾಕೋಡ್ಕರರ ಸಮಿತಿಯು ೨೦೧೨ರಲ್ಲಿ, ಐದು ವರ್ಷಗಳೊಳಗೆ ಎಲ್ಲ ಗೇಟುಗಳನ್ನೂ ತೆಗೆಯಬೇಕೆಂದೂ ಅದಕ್ಕೆ ೫೦,೦೦೦ ಕೋಟಿ ರೂಪಾಯಿ ಬೇಕೆಂದೂ ಹೇಳಿತು. ಬ್ರಾಡ್‌ಗೇಜ್ ಹಾದಿಗಳಲ್ಲಿ ಕಾವಲಿಲ್ಲದ ದಾಟುಗಳು ೨೦೧೯ರ ಜನವರಿಯ ವೇಳೆಗೆ ಇಲ್ಲವಾದುವು. ಕಾವಲಿರುವವು ಇನ್ನೂ ಸಾವಿರಾರು. ಬೆಂಗಳೂರಿಗೆ ೨೦೨೦ರಲ್ಲಿ ಕೇಂದ್ರದ ಮಂಜೂರಾತಿಯನ್ನು ಪಡೆದ ಉಪನಗರ ರೈಲಿನ ಯೋಜನೆ ಸುಮಾರು ೧೪೮ ಕಿಲೋಮೀಟರಿನದು. ಅಂದಾಜು ಖರ್ಚು ೧೫,೭೬೭ ಕೋಟಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಅದರ ನಾಲ್ಕು ಹಾದಿಗಳಿಗೆ ಹೂವಿನ ಹೆಸರುಗಳು. ಕೆಲಸವು ಮೊದಲಾದ ಮಲ್ಲಿಗೆಯ ಹಾದಿಯಲ್ಲಿ ಸುಮಾರು ಎಂಟು ಕಿಲೋಮೀಟರು ಎತ್ತರದಲ್ಲಿಯೂ ಉಳಿದದ್ದು ನೆಲಮಟ್ಟದಲ್ಲಿಯೂ ಇರುವಂತೆ ಯೋಜಿಸಿದೆ. ನೆಲಮಟ್ಟದಲ್ಲಿ ಮೇಲಿಂದಮೇಲೆ ರೈಲು ಓಡಬೇಕಾದರೆ ಗೇಟು ಇರಕೂಡದೆಂಬುದು ಮೇಲಿನ ಗಣಿತದಿಂದಲೇ ಸಿದ್ಧ.

ಗೇಟು ಬೀದಿಯನ್ನು ಆಗಾಗ ಮುಚ್ಚುತ್ತದೆ. ಅಜಾಗರೂಕತೆಯಿಂದ ಕಟ್ಟಿದ ಸೇತುವೆಯು ನಡೆಯುವವನಿಗೆ ಅದನ್ನು ಎಂದೆಂದಿಗೂ ಮುಚ್ಚಿಬಿಡುತ್ತದೆ. ಗೇಟಿದ್ದಾಗ ಹತ್ತು ಹೆಜ್ಜೆಯಲ್ಲಿ ದಾಟುತ್ತಿದ್ದವನು ಅರ್ಧ ಮೈಲಿ ಸುತ್ತಬೇಕಾಗಿ ಬಂದರೆ ಅವನು ಗೋಡೆಯನ್ನು ಹತ್ತಿ ಕಂಬಿಯನ್ನೇ ದಾಟುತ್ತಾನೆ. ಯಾವ ಅಪಾಯವನ್ನು ತಪ್ಪಿಸಲು ಗೇಟನ್ನು ತೆಗೆದರೋ ಅದೇ ಅಪಾಯವು ಕಾವಲುಗಾರನಿಲ್ಲದೆ ಮರಳಿ ಬರುತ್ತದೆ. ಆದುದರಿಂದ ಸೇತುವೆಯ ಯೋಗ್ಯತೆಯನ್ನು ವಾಹನಗಳು ಉಳಿಸಿದ ನಿಮಿಷಗಳಿಂದ ಅಳೆದರೆ ಸಾಲದು. ಲಕ್ಷದ ಲೆಕ್ಕದಲ್ಲಿ ಅಂಕವಿಲ್ಲದವನು ಹೇಗೆ ದಾಟುತ್ತಾನೆಂಬುದನ್ನೂ ಕೇಳಬೇಕು. ಹುಣಸಗಿಯಿಂದ ಬಂದ ಕೂಲಿಕಾರನಿಗೆ ನಗರದ ರೈಲು ಉಪಕಾರಿಯಾಯಿತೆ ಎಂಬುದನ್ನು ಆ ಪ್ರಶ್ನೆಯ ಉತ್ತರವೇ ಹೇಳುವುದು.