ಮನೆಯ ಗೋಡೆಗೆ ಯಾವ ಬಿಳಿ?

ಬಿಳಿಯೆಂದರೆ ಬಿಳಿಯೇ ಎಂದು ತಿಳಿದು ಬಣ್ಣದಂಗಡಿಗೆ ಹೋದ ಗೃಹಸ್ಥನ ಮುಂದೆ ಹಾಲಿನ ಬಿಳಿ, ದಂತದ ಬಿಳಿ, ಮುತ್ತಿನ ಬಿಳಿ ಎಂದು ಹತ್ತಾರು ಹೆಸರುಗಳು ಬಂದು ನಿಲ್ಲುತ್ತವೆ. ಪಟ್ಟಿಯಲ್ಲಿ ಅವುಗಳೊಳಗೆ ಭೇದವೇ ಕಾಣದು. ಬೇಸತ್ತು ಯಾವುದೋ ಒಂದನ್ನು ಕೊಂಡೊಯ್ದು ನಾಲ್ಕು ಗೋಡೆಗೂ ಬಳಿಸಿದ ಮೇಲೆ ಆ ಭೇದವು ಕಣ್ಣಿಗೆ ರಾಚುವುದು. ಮರಳಿ ಬಳಿಸುವುದಾದರೆ ಬಣ್ಣದ ಬೆಲೆಯ ಜೊತೆಗೆ ಕೂಲಿಯನ್ನೂ ಎರಡನೆಯ ಸಲ ತೆರಬೇಕು.

ಈಗಿನ ಬಿಳಿ ಬಣ್ಣಗಳಿಗೆ ಬಿಳುಪನ್ನು ಕೊಡುವ ವಸ್ತು ಬಹುಮಟ್ಟಿಗೆ ಒಂದೇ: ಟೈಟಾನಿಯಂ ಡೈಆಕ್ಸೈಡ್. ಅದರೊಡನೆ ಅತ್ಯಲ್ಪವಾಗಿ ಬೆರೆಸಿದ ಹಳದಿ, ಕೆಂಪು ಅಥವಾ ಕಪ್ಪು ಬಣ್ಣದಿಂದಲೇ ಈ ಎಲ್ಲ ಛಾಯೆಗಳೂ ಹುಟ್ಟುತ್ತವೆ. ಇದು ನಮಗೆ ಹೊಸ ವಿಷಯವೇನೂ ಅಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಬಟ್ಟೆಯ ನೀಲಿಯನ್ನು ಚಿಟಿಕೆಯಷ್ಟು ಕದಡುತ್ತಿದ್ದ ಹಿರಿಯರು ಮಾಡಿದ್ದೂ ಇದನ್ನೇ. ನೀಲಿ ಬೆರೆತ ಗೋಡೆಯು ಹಿಂತಿರುಗಿಸುವ ಬೆಳಕು ನಿಜವಾಗಿ ತುಸು ಕಡಮೆ; ಆದರೂ ಹಳದಿಯ ಸುಳಿವು ಅಡಗಿದ್ದರಿಂದ ಕಣ್ಣು ಅದನ್ನೇ ಹೆಚ್ಚು ಬಿಳುಪೆಂದು ಒಪ್ಪಿಕೊಳ್ಳುತ್ತದೆ.

ಕಣ್ಣಿನ ಸ್ವಭಾವವೇ ಹಾಗೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಶೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನು, ಪಕ್ಕದಲ್ಲಿರುವ ಬಣ್ಣವು ಇನ್ನೊಂದರ ತೋರಿಕೆಯನ್ನೇ ಬದಲಿಸುವುದೆಂದು 1839ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದನು. ಆದುದರಿಂದ ಹಳೆಯ ಹಳದಿ ಗೋಡೆಯ ನಡುವೆ ಅಂಗೈಯಗಲ ಹೊಸ ಬಿಳಿಯನ್ನು ಬಳಿದು ನೋಡುವ ರೂಢಿಯು ಉಪಯೋಗವಿಲ್ಲದ್ದು. ಅಲ್ಲಿ ಯಾವ ಬಿಳಿಯೂ ನೀಲಿಯಾಗಿಯೇ ತೋರುವುದು.

ಇನ್ನು ಕೋಣೆಯೂ ಗೋಡೆಗೆ ಬಣ್ಣ ಹಚ್ಚುತ್ತದೆ. ಮೈಸೂರಿನ ಹಳೆಯ ಮನೆಗಳ ಕೆಂಪು ಗಾರೆ ನೆಲವನ್ನು ನೆನೆಯಿರಿ. ಅದರ ಮೇಲೆ ಬಿದ್ದ ಬಿಸಿಲು ಗೋಡೆಯ ಕೆಳಭಾಗಕ್ಕೆ ಕೆಂಪನ್ನು ಎರಚುವುದರಿಂದ, ದಂತದ ಬಿಳಿಯು ಅಲ್ಲಿ ಕಾವಿಗೆ ತಿರುಗಬಹುದು. ಕಿಟಕಿಯಾಚೆ ಮಾವಿನ ಮರವಿದ್ದರೆ ಹಸುರಿನ ನೆರಳೂ ಒಳಗೆ ಬರುವುದು. ಉತ್ತರದ ಕಿಟಕಿಯೊಂದೇ ಇರುವ ಕೋಣೆಗೆ ಆಕಾಶದ ತಂಪು ಬೆಳಕೇ ಹೆಚ್ಚು; ಅಲ್ಲಿ ಬೂದುಮಿಶ್ರಿತ ಬಿಳಿಯು ಮಂಕು ಹಿಡಿದಂತಿರುವುದು, ಹಳದಿಯ ಸೋಂಕುಳ್ಳದ್ದು ಹಿತ. ಪಶ್ಚಿಮದ ಸಂಜೆಬಿಸಿಲಿನ ಕೋಣೆಗೆ ಇದರ ವಿಪರ್ಯಯ.

ರಾತ್ರಿಯ ದೀಪವನ್ನು ಮರೆಯುವವರೇ ಹೆಚ್ಚು. ತಂತಿ ಉರಿಯುವ ಹಳೆಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್, ಹಳದಿ. ನಮ್ಮ ಅನೇಕ ಮನೆಗಳ ಎಲ್‌ಇಡಿ ಕೊಳವೆಗಳದು 6500 ಕೆಲ್ವಿನ್, ನೀಲಿಯತ್ತ ವಾಲಿದ್ದು. ಹಗಲಿನಲ್ಲಿ ಒಂದೇ ಎನಿಸಿದ ಎರಡು ಬಿಳಿಗಳು ದೀಪದಡಿ ಬೇರೆಯಾಗಿ ತೋರುವುದುಂಟು.

ಹೀಗಿರಲು, ಎರಡಡಿ ಚೌಕದ ಹಲಗೆಗಳಿಗೆ ಒಂದೊಂದು ಬಿಳಿಯನ್ನು ಎರಡೆರಡು ಸಲ ಬಳಿದು ಚೆನ್ನಾಗಿ ಒಣಗಿಸತಕ್ಕದ್ದು. ಒಂದು ಸಮಯಕ್ಕೆ ಒಂದೇ ಹಲಗೆಯನ್ನು, ಮಲಗಿಸದೆ, ಗೋಡೆಗೆ ಆನಿಸಿ ನಿಲ್ಲಿಸಿರಿ. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿರಿ. ಕಿಟಕಿಯ ಎದುರಿನ ಗೋಡೆಯಿಂದ ಕತ್ತಲೆಯ ಮೂಲೆಗೆ ಸರಿಸಿರಿ. ಬಿಳಿ ಕಾಗದವೊಂದನ್ನು ಪಕ್ಕದಲ್ಲಿ ಹಿಡಿದರೆ ಅಡಗಿರುವ ಛಾಯೆಯು ಕೂಡಲೇ ಹೊರಬೀಳುವುದು. ಬಾಗಿಲಿನ ಚೌಕಟ್ಟಿಗೂ ಬಿಳಿಯೇ ಆಗಬೇಕೆಂದಿದ್ದರೆ ಅದರ ಮಾದರಿಯನ್ನೂ ಜೊತೆಗಿಡಿರಿ. ಸುಣ್ಣವನ್ನೇ ಬಳಿಸುವವರು ಮಾತ್ರ ಹಸಿಯಿರುವಾಗ ತೀರ್ಮಾನಿಸಕೂಡದು. ಬಳಿದ ಕ್ಷಣದಲ್ಲಿ ಅದು ಗೋಡೆಯನ್ನೇ ಮುಚ್ಚಿದಂತಿರುವುದಿಲ್ಲ. ಒಣಗಿದ ಮೇಲೆಯೇ ಅದರ ಬಿಳುಪು ಏರುವುದು.